ಡಾಕ್ಟರಿಗೆ ಹೇಳುವುದರ ಹೊರತು

ಕೋಣಂದೂರು
೧೪-೧೧-೧೯೬೬

ಸಾಗರದ ಸೀತಾರಾಮಣ್ಣನಿಗೆ ಯಮುನಾ ಬರೆಯುವುದು.

ಎಲ್ಲರೂ ಕ್ಷೇಮ ಅಂತ ಬರೆದು ಶುರು ಮಾಡುವ ಪದ್ಧತಿಯನ್ನು ಈ ಸಲ ಬಿಟ್ಟಿದ್ದೇನೆ. ನಿನ್ನ ಭಾವನ ಕೈ ಬಿದ್ದುಹೋಗಿದೆ ಅಣ್ಣ. ಎರಡೂ ಕೈ. ಮಣಿಕಟ್ಟಿನಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿವೆ. ಅನ್ನ ಕಲಸಿ ನಾನೇ ತುತ್ತು ಕೊಡುತ್ತಿದ್ದೇನೆ. ಹೊಟ್ಟೆನೋವು ಎದ್ದರೆ ಚಾಪೆ ಬಿಟ್ಟು ನೆಲದ ಮೇಲೆ ಉರುಳಾಡುತ್ತಾರೆ.

ವಾಯು ಎಂದುಕೊಂಡು ಕಷಾಯ ಕುಡಿಸಿದ್ದೆಲ್ಲ ದಂಡವಾಯಿತು. ಕೊನೆಗೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಮಲಗಿಸಿಕೊಂಡು ಹೋದೆ. ಡಾಕ್ಟರ್ ಗಣೇಶಮೂರ್ತಿಯವರು ಒಸಡು ನೋಡಿದರು, ಉಗುರು ನೋಡಿದರು. "ಇದು ವಾಯು ಅಲ್ಲಮ್ಮ, ವಿಷ. ಎಂಥದೋ ಪುಡಿ ವರ್ಷಗಟ್ಟಲೆ ಮೈಗೆ ಸೇರಿದೆ. ಎಂತ ಕೆಲಸ ಮಾರಾಯ ನಿಂದು?" ಎಂದು ಕೇಳಿದರು. ಇವರು, "ಅಡಿಕೆಗೆ ಬಣ್ಣ ಕಟ್ಟೋದು" ಎಂದರು. "ಬಣ್ಣಕ್ಕೆ ಎಂತ ಹಾಕ್ತೀಯ?" ಎಂದು ಡಾಕ್ಟರು ಕೇಳಿದರು. ಅಷ್ಟೇ, ಇವರು ಬಾಯಿ ಮುಚ್ಚಿದವರು ಮನೆಗೆ ಬರುವತನಕ ತೆರೆಯಲಿಲ್ಲ.

ನಿನಗೆ ಗೊತ್ತಲ್ಲ, ಇವರ ಸಾವುಕಾರ ಸುಬ್ಬಯ್ಯನವರ ಅಡಿಕೆಯ ಕೆಂಪು ಬೇರೆ ಯಾರ ಅಡಿಕೆಗೂ ಬರುವುದಿಲ್ಲ. ಅಡಿಕೆ ಬೇಯಿಸಿ ಉಳಿದ ಚೊಗರು ಎಲ್ಲರ ಮನೆಯಲ್ಲೂ ಇರುತ್ತದೆ. ಅವರ ಚೊಗರಿಗೆ ಮಾತ್ರ ಇನ್ನೊಂದು ಏನೋ ಬೀಳುತ್ತದೆ. ಅದನ್ನು ಬಾಗಿಲು ಹಾಕಿಕೊಂಡು ಬೆರೆಸುವವರು ಇವರೊಬ್ಬರೇ. ಹನ್ನೊಂದು ವರ್ಷದ ಹಿಂದೆ ಆ ಗುಟ್ಟು ಯಾರಿಗೂ ಹೇಳುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿ ಕೊಟ್ಟಿದ್ದಾರೆ. ಇವರು ಮಲಗಿದ ಕೂಡಲೆ ಸುಬ್ಬಯ್ಯನವರು ಆ ಕೋಣೆ ಗುಡಿಸಿ, ತೊಳೆಸಿ, ಡಬ್ಬಿಗಳನ್ನೆಲ್ಲ ಹೊಸನಗರದ ತಮ್ಮ ಮನೆಗೆ ಸಾಗಿಸಿದರು. ಡಾಕ್ಟರು ಅವರಿಗೆ ಹೇಳಿ ಕಳಿಸಿದರೆ "ಬರೀ ಚೊಗರು, ವೀಳ್ಯದೆಲೆ, ಮರದ ಚಕ್ಕೆ" ಎಂದು ಉತ್ತರ ಬಂತು.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು ಇದು: "ಎರಡು ಮೂರು ವಿಷಕ್ಕೆ ಇದೇ ಲಕ್ಷಣ ಬರ್ತದೆ. ಒಂದರ ಇಂಜೆಕ್ಷನ್ ಇನ್ನೊಂದಕ್ಕೆ ಕೊಟ್ರೆ ಇರೋ ಜೀವಾನೂ ಹೋಗ್ತದೆ. ಹೆಸರು ಹೇಳಿಸ್ಕೊಂಡು ಬಾ. ತಡ ಮಾಡ್ಬೇಡ."

ಅತ್ತು ಕರೆದೆ. ಬೈದೆ. ಕಾಲು ಹಿಡಿದೆ. "ಮಾತು ಕೊಟ್ಟೀನಿ, ಸಹಿ ಹಾಕೀನಿ. ಸುಬ್ಬಯ್ಯನೋರು ಬಿಟ್ಟುಕೊಟ್ರೆ ಹೇಳ್ತೀನಿ, ಇಲ್ದಿದ್ರೆ ಇಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಎಂಥ ಮನುಷ್ಯನಿಗೆ ಕೊಟ್ಟಿರಿ ನನ್ನನ್ನು!

ಆ ಕಾಗದದ ನಕಲನ್ನು ನನ್ನ ಮಗ ಕನ್ನಪ್ಪನ ಕೈಯಲ್ಲಿ ಕಳಿಸಿದ್ದೇನೆ. ನೀನು ವಕೀಲರ ಮನೆಯಲ್ಲಿ ಕೂತು ಊರಿನವರಿಗೆಲ್ಲ ಕರಾರು ಬರೆಯುತ್ತೀಯ. ಬಾಯಿ ಕಟ್ಟುವ ಕಾಗದ ಇದೆ ಎಂದಮೇಲೆ ಬಿಚ್ಚುವ ಕಾಗದವೂ ಇರಬೇಕು. ಬರೆದು ಕಳಿಸು.

ನಿನ್ನ ತಂಗಿ
ಯಮುನಾ

*

ಸಾಗರ
೧೮-೧೧-೧೯೬೬

ತಂಗಿ ಯಮುನಾ,

ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. "ಬಣ್ಣದ ವಿಚಾರವನ್ನು ಯಾರಿಗೂ, ಯಾವ ಕಾಲಕ್ಕೂ, ಯಾವ ಕಾರಣಕ್ಕೂ ತಿಳಿಸತಕ್ಕದ್ದಲ್ಲ." ಆಯಿತು, ಮುಗಿಯಿತು! ಒಂದೇ ಒಂದು ಹೊರತು ಇಲ್ಲ. ಇದನ್ನು ಬರೆದ ಮಹಾನುಭಾವ ಯಾರೋ, ಅವನ ಮನೆಗೂ ಕಿಟಕಿ ಬಾಗಿಲು ಇಡಿಸಿಲ್ಲವೋ ಏನೋ. ಸಹಿ ಹಾಕುವ ಮುಂಚೆ ನನಗೊಂದು ಮಾತು ಕೇಳುವುದಕ್ಕೆ ನಿನ್ನ ಗಂಡನಿಗೆ ಏನಾಗಿತ್ತು? ಇರಲಿ. ಮಲಗಿದವನನ್ನು ಬೈಯುವುದಿಲ್ಲ.

ನಮ್ಮ ವಕೀಲರು ನಾರಾಯಣಮೂರ್ತಿಯವರಿಗೆ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿಕೊಂಡು, "ಎಂತ ಸೀತಾರಾಮಪ್ಪ, ಇದು ಕೋರ್ಟಿನಲ್ಲಿ ಒಂದು ಗಳಿಗೆ ನಿಲ್ಲದಿಲ್ಲೆ. ಜೀವ ಹೋಗ್ತಾ ಇದ್ರೂ ಹೇಳಬೇಡ ಅನ್ನೋ ಕರಾರು ಕರಾರೇ ಅಲ್ಲ. ನಿನ್ನ ಭಾವಂಗೆ ಹೇಳಲಿಕ್ಕೆ ಹೇಳು" ಎಂದರು. ನಿಲ್ಲದಿರಬಹುದು. ಆದರೆ ಗುತ್ಯಪ್ಪ ಭಾವನ ತಲೆಯೊಳಗೆ ಅದು ನಿಂತಿದೆಯಲ್ಲ! ಅಲ್ಲಿಂದ ಕೆಡವಬೇಕಾದರೆ ಸುಬ್ಬಯ್ಯನ ಸಹಿಯೇ ಬೇಕು.

ಅದಕ್ಕೇ ತಿದ್ದುಪಡಿ ಕಾಗದ ಬರೆದಿದ್ದೇನೆ. ಹಳೆಯ ಕರಾರು ಹಾಗೇ ಇರಲಿ, ಈ ನಾಲ್ಕು ಮಾತ್ರ ಅದಕ್ಕೆ ಹೊರತು. ಊರಿಗೆಲ್ಲ ಮೊದಲೇ ಗೊತ್ತಿರುವುದು ಗುಟ್ಟಲ್ಲ. ಚಕ್ಕೆ, ಎಲೆ, ಚೊಗರಿನ ಮಾತು ಯಾರಿಗೆ ಹೇಳಿದರೂ ತಪ್ಪಿಲ್ಲ. ಭಾವ ಆ ಕೆಲಸಕ್ಕೆ ಸೇರುವ ಮೊದಲೇ ತಿಳಿದಿದ್ದದ್ದು ಗುಟ್ಟಲ್ಲ. ಕೋರ್ಟು ಅಥವಾ ಸರ್ಕಾರದ ಅಧಿಕಾರಿ ಕೇಳಿದರೆ ಹೇಳಬಹುದು. ಕೊನೆಯದು, ತನ್ನ ಜೀವ ಉಳಿಸಿಕೊಳ್ಳುವುದಕ್ಕೆ ಡಾಕ್ಟರಿಗೆ ಹೇಳಬಹುದು.

ನಮಗೆ ಬೇಕಾದದ್ದು ಕೊನೆಯದೊಂದೇ. ಅದನ್ನು ಒಂಟಿಯಾಗಿ ಕಳಿಸಿದರೆ ಸುಬ್ಬಯ್ಯ ಹೆದರುತ್ತಾನೆ ಎಂದು ಮೂರರ ಹಿಂದೆ ನಿಲ್ಲಿಸಿದ್ದೇನೆ. ಕರಾರು ಯಾರು ಬೇಕಾದರೂ ಬರೆಯಬಹುದು ಯಮುನಾ, ಹೊರತು ಬರೆಯುವುದೇ ಕಷ್ಟ. ಎದುರಿನವನು ಸಹಿ ಹಾಕುವಷ್ಟು ಸಣ್ಣದಿರಬೇಕು, ನಮ್ಮವನು ನುಸುಳಿ ಹೊರಗೆ ಬರುವಷ್ಟು ದೊಡ್ಡದೂ ಇರಬೇಕು.

ಭಾವನಿಗೆ ಓದಿ ಹೇಳು. ಒಪ್ಪಿದರೆ ಹೊಸನಗರಕ್ಕೆ ನಾನೇ ಹೋಗುತ್ತೇನೆ.

ನಿನ್ನ ಅಣ್ಣ
ಸೀತಾರಾಮಪ್ಪ

*

ಕೋಣಂದೂರು
೨೩-೧೧-೧೯೬೬

ಅಣ್ಣ,

ಓದಿ ಹೇಳಿದೆ. "ನಿನ್ನ ಅಣ್ಣ ಚೆನ್ನಾಗಿ ಬರೀತಾರೆ" ಎಂದರು. ನಾನು ಕೇಳಿದ್ದು ಅದನ್ನೇ? "ಸುಬ್ಬಯ್ಯನೋರು ಸಹಿ ಹಾಕ್ಲಿ, ಆಮೇಲೆ ನೋಡಾಣ" ಎಂದರು.

ನಿನ್ನೆಯಿಂದ ಮಾತು ತೊದಲುತ್ತಿದೆ. ಹೋಗುವುದಾದರೆ ನಾಳೆಯೇ ಹೋಗು. ನಾಲಿಗೆಯೂ ಬಿದ್ದುಹೋದಮೇಲೆ ನಿನ್ನ ಕಾಗದ ತೆಗೆದುಕೊಂಡು ನಾನು ಒಲೆಗೆ ಹಾಕಲೇ?

ಯಮುನಾ

*

ಹೊಸನಗರ
೨೭-೧೧-೧೯೬೬

ತಂಗಿ ಯಮುನಾ,

ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುಬ್ಬಯ್ಯನವರು ಬೆಲ್ಲ ನೀರು ಕೊಟ್ಟರು, ಊಟಕ್ಕೆ ಏಳಿ ಎಂದರು, ಭಾವನ ವಿಚಾರಕ್ಕೆ ಕಣ್ಣಲ್ಲಿ ನೀರೂ ತಂದುಕೊಂಡರು. ಆ ನೀರು ಸುಳ್ಳು ಎಂದು ನಾನು ಹೇಳುವುದಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ಮೊದಲ ಮೂರಕ್ಕೆ ಸರಿ ಹಾಕಿ ನಾಲ್ಕನೆಯದರ ಮೇಲೆ ಗೀಟು ಎಳೆದರು.

"ಡಾಕ್ಟರು ಚೀಟಿ ಬರೀತಾರೆ, ಚೀಟಿ ಕಂಪೌಂಡರು ಓದ್ತಾನೆ, ಆ ಕಂಪೌಂಡರು ನಮ್ ಎದುರು ಮಂಡಿಯೋರ ಸ್ವಂತ ಅಳಿಯ. ನನ್ ಬಣ್ಣ ನಾಳೆ ಬೆಳಗ್ಗೆ ಪ್ಯಾಟೇಲಿ ಇರ್ತದೆ ಸೀತಾರಾಮಪ್ಪ" ಎಂದರು. ನಾನು, "ಮನುಷ್ಯ ಸಾಯ್ತಾ ಇದಾನೆ" ಎಂದೆ. "ಅದ್ಕೇ ಹೇಳಿದ್ದು, ಡಾಕ್ಟರೂ ಒಂದು ಕಾಗದ ಬರ್ದು ಕೊಡ್ಲಿ. ಕೇಳಿದ್ದನ್ನ ಯಾರ್ ಹತ್ರಾನೂ ಬಾಯಿ ಬಿಡಲ್ಲ ಅಂತ. ಆಗ ನಾನೂ ಹಾಕ್ತೀನಿ" ಎಂದರು.

ಜಗಳದ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಡಾಕ್ಟರಿಗೂ ಒಂದು ಕಾಗದ ಬರೆದು ಇದರ ಜೊತೆ ಇಟ್ಟಿದ್ದೇನೆ. ಎರಡೇ ಸಾಲು. ಸಹಿ ಹಾಕಿಸು. ನನಗೆ ಮನಸ್ಸಿಲ್ಲದೆ ಬರೆದದ್ದು ಅಂತ ಮಾತ್ರ ತಿಳಿದಿರಲಿ.

ಸೀತಾರಾಮಪ್ಪ

*

ತೀರ್ಥಹಳ್ಳಿ
೧-೧೨-೧೯೬೬

ಅಣ್ಣ,

ಡಾಕ್ಟರು ಸಹಿ ಹಾಕಲಿಲ್ಲ. ನಿನ್ನ ಕಾಗದವನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ರೋಗಿಯ ಗುಟ್ಟು ನಾನು ಯಾರಿಗೂ ಹೇಳಲ್ಲಮ್ಮ, ಅದಕ್ಕೆ ಕಾಗದ ಬೇಡ. ಆದ್ರೆ ಇದು ರೋಗಿಯ ಗುಟ್ಟಲ್ಲ, ಸಾವುಕಾರ್ರ ಗುಟ್ಟು. ಆ ಅಡಿಕೆ ಊರೋರೆಲ್ಲ ಬಾಯಿಗೆ ಹಾಕ್ತಾರೆ. ಬಸುರಿ ಹೆಂಗಸರೂ ಹಾಕ್ತಾರೆ. ಅದರಲ್ಲಿ ವಿಷ ಇದೆ ಅಂತ ಗೊತ್ತಾದಮೇಲೆ ಸುಮ್ನಿರ್ತೀನಿ ಅಂತ ಹೆಂಗೆ ಬರ್ದು ಕೊಡ್ಲಿ?" ಎಂದರು.

ನಾನು ಅವರಿಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ಊರಿನ ಬಸುರಿಯರ ಚಿಂತೆ ನಿಮಗೆ, ನನ್ನ ಗಂಡನ ಚಿಂತೆ ಯಾರಿಗೆ ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಕೂತು ಆಚೆಯ ಹೆಂಗಸಿನ ಬಾಯಲ್ಲಿ ಕವಳ ನೋಡಿದೆ. ತುಟಿ ಕೆಂಪಗೆ ಆಗಿತ್ತು. ಆಮೇಲೆ ನನಗೆ ಡಾಕ್ಟರನ್ನು ಬೈಯಲಾಗಲಿಲ್ಲ.

ಇವರನ್ನು ಇಲ್ಲೇ ಮಲಗಿಸಿಕೊಂಡಿದ್ದಾರೆ. ಬೇರೆ ಏನಾದರೂ ಬರೆ. ಬೇಗ ಬರೆ ಮಾರಾಯ.

ಯಮುನಾ

*

ಸಾಗರ
೮-೧೨-೧೯೬೬

ತಂಗಿ ಯಮುನಾ,

ಹಾಕಿದ! ಸಹಿ ಹಾಕಿದ! ರಿಜಿಸ್ಟರ್ ಟಪಾಲಿನಲ್ಲಿ ಮೂಲ ಕಾಗದವನ್ನೇ ಕಳಿಸಿದ್ದೇನೆ, ಭದ್ರ.

ಮೂರು ದಿನ ತಲೆ ಕೆರೆದುಕೊಂಡು ನಾಲ್ಕನೆಯದನ್ನು ಹೊಸದಾಗಿ ಬರೆದೆ. ಡಾಕ್ಟರ ಬಾಯಿಯ ಸುದ್ದಿಗೇ ಹೋಗಲಿಲ್ಲ. ಗುತ್ಯಪ್ಪ ಭಾವ ಹೇಳಬಹುದು, ಅಷ್ಟೇ. ಕೇಳಿದವರು ಏನು ಮಾಡಬೇಕು, ಮಾಡಬಾರದು ಎಂದು ಈ ಕಾಗದ ಏನನ್ನೂ ಹೇಳುವುದಿಲ್ಲ. ಸುಬ್ಬಯ್ಯ ಅದನ್ನು ಗುರುತಿಸಿ ಮತ್ತೆ ಕೊಸರಾಡಿದರು. ಆಗ ನಮ್ಮ ವಕೀಲರು ಒಂದೇ ಮಾತು ಬರೆದು ಕಳಿಸಿದರು. ಈ ಮನುಷ್ಯ ಸತ್ತರೆ ಅವನ ಮನೆಯಲ್ಲಿ ಪೊಲೀಸರು ಮೊದಲು ಓದುವುದು ನಿಮ್ಮ ಹಳೆಯ ಕರಾರನ್ನು ಎಂದು. ಸಹಿ ತಾನಾಗಿ ಬಂತು.

ಈಗಲೇ ಭಾವನ ಮುಂದೆ ಹಿಡಿ. ಒಂದೊಂದು ಅಕ್ಷರ ಓದಿ ಹೇಳು. ಹೇಳಿಸಿಕೊಂಡ ಕೂಡಲೆ ಡಾಕ್ಟರ ಹತ್ತಿರ ಓಡು. ಇವತ್ತು ನಿನ್ನ ಅತ್ತಿಗೆ ಪಾಯಸ ಮಾಡುತ್ತೇನೆ ಎಂದಳು, ಕೈ ಸರಿಹೋಗಲಿ, ಆಮೇಲೆ ಮಾಡು ಎಂದೆ.

ನಿನ್ನ ಅಣ್ಣ
ಸೀತಾರಾಮಪ್ಪ

*

ಕೋಣಂದೂರು
೧೫-೧೨-೧೯೬೬

ಅಣ್ಣ,

ಅತ್ತಿಗೆಗೆ ಪಾಯಸ ಮಾಡುವುದು ಬೇಡ ಅಂದದ್ದು ಒಳ್ಳೆಯದಾಯಿತು.

ಕಾಗದ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. "ಕಾಗದದ್ದು ಆತು. ಚೌಡಿ ಮುಂದಿಂದು ಯಾರು ಬಿಡಿಸ್ತಾರೆ?" ಎಂದರು. ಹನ್ನೊಂದು ವರ್ಷ ನನಗೆ ಹೇಳದೆ ಇಟ್ಟುಕೊಂಡಿದ್ದಾರೆ. ಸಹಿ ಹಾಕುವ ಹಿಂದಿನ ದಿನ ಸುಬ್ಬಯ್ಯನವರು ಇವರನ್ನು ಬನದ ಚೌಡಿ ದೇವರ ಕಲ್ಲಿನ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಂಡಿದ್ದಾರೆ. ಗುಟ್ಟನ್ನು ಯಾವ ಮನುಷ್ಯರ ಮುಂದೆ ಬಾಯಿ ಬಿಟ್ಟರೂ ನನ್ನ ಸಂತಾನ ಉಳಿಯಬಾರದು ಎಂದು. ಸಂತಾನ ಎಂದರೆ ಕನ್ನಪ್ಪ ಒಬ್ಬನೇ ಅಲ್ಲವೇ ಅಣ್ಣ!

ಆಣೆ ಹಾಕಿಸಿಕೊಂಡವರೇ ಬಂದು, ಅದೇ ಕಲ್ಲಿನ ಮುಂದೆ ಕಾಯಿ ಒಡೆದು, ಬಿಟ್ಟಿದ್ದೇನೆ ಎನ್ನಬೇಕು. ಬೇರೆ ದಾರಿ ಇಲ್ಲ. ನಿನಗೂ ಗೊತ್ತು, ನೀನೂ ಇದೇ ಸೀಮೆಯಲ್ಲಿ ಹುಟ್ಟಿದವನು. ಆದರೂ ನಾವಿಬ್ಬರೂ ಕಾಗದ ಕಾಗದ ಎಂದು ಒಂದು ತಿಂಗಳು ಕಳೆದೆವು.

ಹೊಸನಗರಕ್ಕೆ ನಾನೇ ಹೋದೆ. ಸುಬ್ಬಯ್ಯನವರ ಮುಂದೆ ಸೆರಗು ಒಡ್ಡಿ ಕೇಳಿದೆ. "ಸಹಿ ಹಾಕಿ ಕೊಟ್ಟೀನಲ್ಲ ಯಮುನಮ್ಮ, ಇನ್ನೆಂತಕ್ಕೆ ಚೌಡಿ?" ಎಂದರು. "ಒಂದು ಕಾಯಿ ಒಡೆದು ಒಂದು ಮಾತು ಹೇಳಿ ಸಾಕು" ಎಂದೆ. ಅವರು ಬೆವರೊರೆಸಿಕೊಂಡರು. ಅವರ ಹೆಂಡತಿ ವೆಂಕಮ್ಮ ಬಾಗಿಲಲ್ಲಿ ನಿಂತು, "ಹೋಗ್ಬನ್ನಿ ಅಂದ್ರೆ" ಎಂದು ಮೆಲ್ಲಗೆ ಹೇಳಿದರು. "ನೀ ಒಳಗೆ ಹೋಗೆ!" ಎಂದು ಗದರಿದರು.

ಆಮೇಲೆ ಮೆತ್ತಗೆ ಹೇಳಿದ್ದು ಕೇಳು. ಅವತ್ತು ಇವರು ಆಣೆ ಹಾಕುವ ಮುಂಚೆ, "ಈ ಪುಡಿಯಿಂದ ನಂಗೇನೂ ತೊಂದ್ರೆ ಇಲ್ವಾ?" ಎಂದು ಕೇಳಿದ್ದರಂತೆ. ಸುಬ್ಬಯ್ಯನವರು ಚೌಡಿಯ ಮೇಲೆ ಕೈ ಇಟ್ಟು, ಏನೂ ಇಲ್ಲ ಎಂದಿದ್ದರಂತೆ. "ಈಗ ನಾನು ಆ ಕಲ್ಲಿನ ಮುಂದೆ ಹೆಂಗೆ ನಿಲ್ಲಲಿ? ನಂಗೂ ಮಕ್ಕಳಿದಾರೆ" ಎಂದರು. ಕೋರ್ಟಿಗೆ, ಪೊಲೀಸಿಗೆ ಹೆದರಿ ಸಹಿ ಹಾಕಿಕೊಡುವವರು ಚೌಡಿಯ ಹತ್ತಿರ ಮಾತ್ರ ಬರುವುದಿಲ್ಲ. ಆ ಪುಡಿ ವಿಷ ಎಂದು ಗೊತ್ತಿದ್ದೂ ಇವರ ಕೈಗೆ ಕೊಟ್ಟಿದ್ದರು ಅಣ್ಣ. ಅಲ್ಲೇ ಅವರ ಅಂಗಳಕ್ಕೆ ಉಗಿದು ಬಂದೆ.

ಗೇಟಿನ ತನಕ ಹಿಂದೆ ಬಂದು ಇನ್ನೊಂದು ಉಪಕಾರ ಹೇಳಿದರು. "ಗುತ್ಯಪ್ಪನ ಜಾಗ ಖಾಲಿ ಇಡಲ್ಲ, ನಿಮ್ ಕನ್ನಪ್ಪನ್ನೇ ಕಳ್ಸಿ. ಸಂಬಳ ಜಾಸ್ತಿ ಮಾಡ್ತೀನಿ."

ಇವರು ಆಸ್ಪತ್ರೆ ಬೇಡವೆಂದು ಹಟ ಹಿಡಿದು ಮನೆಗೆ ಬಂದಿದ್ದಾರೆ. ನನಗೆ ಏನೂ ತೋಚುತ್ತಿಲ್ಲ.

ಯಮುನಾ

*

ಸಾಗರ
೧೮-೧೨-೧೯೬೬

ಯಮುನಾ,

ಕನ್ನಪ್ಪನನ್ನು ಕಳಿಸಿದರೆ ನಿನಗೂ ನನಗೂ ಸಂಬಂಧ ಇಲ್ಲ. ಕಾಲು ಮುರಿದಾದರೂ ಮನೆಯಲ್ಲಿ ಕೂರಿಸು. ಚೌಡಿಗೆ ಹೊರತು ಬರೆಯುವ ವಿದ್ಯೆ ನನಗೆ ಗೊತ್ತಿಲ್ಲ, ನಾರಾಯಣಮೂರ್ತಿಯವರಿಗೂ ಗೊತ್ತಿಲ್ಲ. ಕೇಳಿದರೆ ಕನ್ನಡಕ ಒರೆಸಿದರು. ಇಲ್ಲಿ ನಮ್ಮದೇ ಒಂದು ಮೊಕದ್ದಮೆ ಹಿಯರಿಂಗಿಗೆ ಬಂದಿದೆ, ಮುಗಿದ ದಿನವೇ ಬಸ್ಸು ಹತ್ತುತ್ತೇನೆ. ಅಲ್ಲಿಯತನಕ ಭಾವನ ಜೀವ ಹಿಡಿದುಕೋ.

ಸೀತಾರಾಮಪ್ಪ

*

ತೀರ್ಥಹಳ್ಳಿ
೨೪-೧೨-೧೯೬೬

ಅಣ್ಣ,

ನಿನ್ನ ಕಾಗದ ಬರುವ ಮುಂಚೆಯೇ ಕನ್ನಪ್ಪ ಹೊರಟು ನಿಂತಿದ್ದ. "ಅಪ್ಪನ ಔಷಧಿಗೆ ಬೇಕಲ್ಲಮ್ಮ, ಸಹಿ ಹಾಕಿದ್ರೆ ಎಂತ ಆಗ್ತದೆ?" ಎಂದ. ನಾನು ಅವನ ಕೆನ್ನೆಗೆ ಹೊಡೆದೆ. ಆ ಸದ್ದಿಗೆ ಒಳಗಿನಿಂದ ಇವರು, "ಎಲ್ಲಿಗೆ ಸಹಿ?" ಎಂದು ಕೇಳಿದರು. ಹೇಳದೆ ವಿಧಿ ಇರಲಿಲ್ಲ.

ಇವರು ಕನ್ನಪ್ಪನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಆಮೇಲೆ, "ನನ್ನನ್ನ ಬನಕ್ಕೆ ಹೊತ್ಕೊಂಡು ಹೋಗಿ. ಡಾಕ್ಟರಿಗೂ ಹೇಳಿ ಕಳ್ಸು, ಬಂದು ಹಿಂದೆ ನಿಂತ್ಕೊಳ್ಲಿ" ಎಂದರು. ನನಗೆ ಅರ್ಥವಾಗಲಿಲ್ಲ. "ಮನುಷ್ಯರ ಮುಂದೆ ಬಾಯಿ ಬಿಡಲ್ಲ ಅಂದೀನಿ ಕಣೆ. ಚೌಡಿಗೆ ಹೇಳಲ್ಲ ಅಂದಿಲ್ಲ. ನಾ ಅವಳಿಗೆ ಹೇಳ್ತೀನಿ. ಹಿಂದೆ ನಿಂತೋರ ಕಿವಿಗೆ ಬಿದ್ರೆ ಅದು ನಂದಲ್ಲ" ಎಂದರು. ನೋಡು, ನೀನು ಮೂರು ದಿನ ತಲೆ ಕೆರೆದುಕೊಂಡದ್ದನ್ನು ಇವರು ಮಲಗಿದಲ್ಲೇ ಬರೆದುಬಿಟ್ಟರು. ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು.

ಡಾಕ್ಟರು ತಮ್ಮ ಕಾರಿನಲ್ಲೇ ಬಂದರು. ಕನ್ನಪ್ಪನೂ ಅವನ ಗೆಳೆಯರೂ ಇವರನ್ನು ಕುರ್ಚಿಯಲ್ಲಿ ಹೊತ್ತು ಕಲ್ಲಿನ ಮುಂದೆ ಇಳಿಸಿದರು. ಕೈ ಮುಗಿಯಲಾಗಲಿಲ್ಲ, ಎರಡು ಕೈಯನ್ನೂ ನಾನೇ ಹಿಡಿದು ಜೋಡಿಸಿದೆ. "ತಾಯಿ, ಕಬ್ಬಿಣದ ಗೇಟಿಗೆ, ಸೇತುವೆಗೆ ಬಣ್ಣಕ್ಕಿಂತ ಮುಂಚೆ ಬಳೀತಾರಲ್ಲ, ಆ ಕೆಂಪು ಪುಡಿ. ಮಂಗ್ಳೂರಿಂದ ಲಾರೀಲಿ ಬರ್ತದೆ. ಅದನ್ನೇ ಹಾಕ್ತಿದ್ದಿದ್ದು" ಎಂದರು. ಹಿಂದಿನಿಂದ ಡಾಕ್ಟರು, "ಸೀಸ" ಎಂದು ಉಸಿರು ಬಿಟ್ಟರು.

ಇವರು ಇನ್ನೂ ಮುಗಿಸಿರಲಿಲ್ಲ ಅಣ್ಣ. "ನಾ ಮಾಡಿದ್ದು ಉಪಾಯ ಅಂತ ನಿಂಗೆ ಗೊತ್ತು. ಆಣೆ ಮುರ್ದೀನಿ ಅಂತ ನಿಂಗನ್ಸಿದ್ರೆ ಹುಡುಗನ್ನ ಮುಟ್ಬೇಡ. ಅವನ ಬದ್ಲು ನನ್ನ ತಗ. ಕೊಟ್ಟೀನಿ" ಎಂದರು.

ಡಾಕ್ಟರು ಅದೇ ಕಾರಿನಲ್ಲಿ ಇವರನ್ನು ಮತ್ತೆ ಆಸ್ಪತ್ರೆಗೆ ಕರೆತಂದು, ಶಿವಮೊಗ್ಗದಿಂದ ಇಂಜೆಕ್ಷನ್ ತರಿಸಿದರು. ಸುಬ್ಬಯ್ಯನ ಅಡಿಕೆಯ ವಿಚಾರ ಮೇಲಿನವರಿಗೆ ಬರೆದೂ ಆಗಿದೆಯಂತೆ. ಇಂಜೆಕ್ಷನ್ ಬಂತು, ಇವರು ಬೇಡ ಎಂದರು. "ಕೊಟ್ಟಮೇಲೆ ವಾಪಸ್ ತಗೊಳ್ಳಕ್ಕಾಗ್ತದಾ? ನಾ ಉಳ್ಕೊಂಡ್ರೆ ಅವಳು ಕನ್ನಪ್ಪನ ಹತ್ರ ಬರ್ತಾಳೆ" ಎಂದರು. ಔಷಧಿ ಬಟ್ಟಲಲ್ಲಿದೆ, ಮನುಷ್ಯ ಮಂಚದಲ್ಲಿದ್ದಾರೆ, ನಡುವೆ ಒಂದು ಮಾತು. ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ಕನ್ನಪ್ಪ ಕಾಲು ಹಿಡಿದುಕೊಂಡು ಅತ್ತ. ಡಾಕ್ಟರು ಅವರಿಗೆ ತಿಳಿದ ಹಾಗೆ ಬುದ್ಧಿ ಹೇಳಿದರು. ಕಲ್ಲಿಗೆ ಹೇಳಿದ ಹಾಗಾಯಿತು.

ಇವತ್ತು ಬೆಳಗ್ಗೆ ನಾನು ಮೊದಲ ಬಸ್ಸಿಗೆ ಕೋಣಂದೂರಿಗೆ ಹೋಗಿ, ಒಬ್ಬಳೇ ಬನಕ್ಕೆ ಹೋದೆ. ಕಾಯಿ ಒಡೆಯಲಿಲ್ಲ, ಕೈಯೂ ಮುಗಿಯಲಿಲ್ಲ. ನಿಂತುಕೊಂಡೇ ಜಗಳ ಆಡಿದೆ. ಒಂದು ಕರು ದಾನ ಕೊಡುವುದಿದ್ದರೂ ಹೆಂಡತಿ ಕೈಯಿಂದ ನೀರು ಬಿಡಿಸುತ್ತಾರೆ, ಇವರು ತಮ್ಮನ್ನೇ ಕೊಡುವಾಗ ನನ್ನನ್ನು ಕೇಳಲಿಲ್ಲ, ನಾನು ನೀರು ಬಿಟ್ಟಿಲ್ಲ, ಬಿಡುವುದೂ ಇಲ್ಲ, ಆ ದಾನ ಸಲ್ಲುವುದಿಲ್ಲ ಎಂದೆ. ನಿನಗೆ ಬೇಕೇ ಬೇಕೆಂದರೆ ಹೊಸನಗರಕ್ಕೆ ಹೋಗು ಎಂದೂ ಅಂದೆ. ಅಂದದ್ದು ತಪ್ಪೋ ಸರಿಯೋ, ವೆಂಕಮ್ಮನ ಮುಖ ನೆನಪಾಗಿ ಅದನ್ನು ಮಾತ್ರ ವಾಪಸ್ ತೆಗೆದುಕೊಂಡೆ.

ಆಸ್ಪತ್ರೆಗೆ ಬಂದು ಇವರಿಗೆ ಎಲ್ಲವನ್ನೂ ಹೇಳಿದೆ. "ನಾನು ಒಪ್ಪದೆ ನೀವು ಕೊಟ್ಟದ್ದು ಕೊಟ್ಟ ಹಾಗಲ್ಲ. ಅವಳಿಗೂ ಹೇಳಿ ಬಂದೀನಿ" ಎಂದೆ. ಇವರು ನನ್ನನ್ನೇ ನೋಡಿದರು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ನಿನ್ನೆ ಸಂಜೆಯಿಂದ ಮಾತು ನಿಂತಿದೆ. ತಲೆ ಆಡಿಸಲೂ ಆಗುತ್ತಿಲ್ಲ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅವರು ಇವರ ತೋಳು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಸೂಜಿ ಚುಚ್ಚಿದರು. ಇವರು ತೋಳನ್ನು ಎಳೆದುಕೊಳ್ಳಲಿಲ್ಲ. ಒಪ್ಪಿ ಎಳೆದುಕೊಳ್ಳಲಿಲ್ಲವೋ, ಎಳೆದುಕೊಳ್ಳುವ ಶಕ್ತಿ ಇಲ್ಲದೆ ಸುಮ್ಮನಿದ್ದರೋ, ನನಗೆ ಗೊತ್ತಾಗಲಿಲ್ಲ ಅಣ್ಣ. ಕಣ್ಣಿನಿಂದ ನೀರು ಇಳಿಯಿತು, ನಾನು ಸೆರಗಿನಿಂದ ಒರೆಸಿದೆ. ನಾಳೆ ಮತ್ತೊಂದು ಇಂಜೆಕ್ಷನ್ ಇದೆ.

ಯಮುನಾ